ಮಾಳಿಗೆಯ ಮೇಲಿನ ಹಂದರ, ಮೆಟ್ಟಿಲ ಮೇಲಿನ ಶಾಂತಾ

ನನ್ನ ತಮ್ಮ ಸಮುವೇಲ ಗಜೇಂದ್ರಗಡದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಾನೆ. ಮದುವೆ, ಕುಬಸ, ಉರುಸು, ರಾಜಕೀಯದವರ ಭಾಷಣ, ಯಾವುದಕ್ಕೆ ಕರೆದರೂ ಹೋಗಿ ಪೆಂಡಾಲು ನಿಲ್ಲಿಸಿ ಬರುತ್ತಾನೆ. ಅಂಥವನು ಈ ವರ್ಷ ಸೀಗೆ ಹುಣ್ಣಿಮೆಯ ಹೊತ್ತಿಗೆ ತನ್ನ ಮನೆಯ ಮಾಳಿಗೆ ಮೇಲೇ ಒಂದು ಹಂದರ ಹಾಕಿದ. ಗೋಡೌನಿನಲ್ಲಿ ಬಣ್ಣಬಣ್ಣದ ಬಟ್ಟೆ ರಾಶಿ ಬಿದ್ದಿದೆ. ಒಂದನ್ನೂ ಮುಟ್ಟಲಿಲ್ಲ. ಬೇವಿನ ತೊಪ್ಪಲು, ತೆಂಗಿನ ಗರಿ, ಗೋವಿನಜೋಳದ ದಂಟು. ಅಷ್ಟೇ.

ಪಕ್ಕದ ಮನೆಯ ಹುಸೇನಸಾಬ ಕೆಳಗಿನಿಂದ ಕೂಗಿದನಂತೆ. "ಏನ್ ಸಮುವೇಲಣ್ಣ, ಎಲ್ಲಾರೂ ಹೊಲಕ್ಕ ಹೋಗಿ ಸೀಗಿ ಹುಣ್ಣಿವಿ ಮಾಡಿದ್ರ ನೀ ಮಾಳಗಿ ಮ್ಯಾಲ ಮಾಡಾಕತ್ತೀಯಲ್ಲೋ?"

ಸೀಗೆ ಹುಣ್ಣಿಮೆ ಅಲ್ಲ, ಪರ್ಣಶಾಲೆಗಳ ಹಬ್ಬ! ಬೈಬಲಿನ ಹಳೆಯ ಭಾಗದಲ್ಲಿ ಇಸ್ರಾಯೇಲ್ಯರಿಗೆ ಹೇಳಿದ ಹಬ್ಬ. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದು ಅಡವಿಯಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ್ದರಲ್ಲ, ಅದರ ನೆನಪಿಗೆ ಎಲೆಗಳ ಹಂದರದಲ್ಲಿ ಒಂದು ವಾರ ಕಳೆಯಬೇಕು. ಸುಗ್ಗಿಯ ಹಬ್ಬವೂ ಹೌದು. ಯೆಹೂದ್ಯರು ಇವತ್ತಿಗೂ ಮಾಡುತ್ತಾರೆ. ಚಂದದ ಹಬ್ಬ.

ಆದರೆ ಗಜೇಂದ್ರಗಡದ ನಮ್ಮ ಸಮುವೇಲನಿಗೂ ಅದಕ್ಕೂ ಏನು ಸಂಬಂಧ?

ಓದುಗರಲ್ಲಿ ಬಹಳಷ್ಟು ಮಂದಿಗೆ ಗೊತ್ತು, ನಮ್ಮದು ಕ್ರೈಸ್ತ ಮನೆತನ. ನಾನು ನರೇಗಲ್ಲಿನಲ್ಲಿ ಟೀಚರು. ಭಾನುವಾರ ಚರ್ಚು, ಡಿಸೆಂಬರಿನಲ್ಲಿ ಕರ್ಚಿಕಾಯಿ, ಗುಡ್ ಫ್ರೈಡೇ ದಿನ ಉಪವಾಸ. ಇಷ್ಟರಲ್ಲಿ ನಮ್ಮ ಅಪ್ಪನ ಕಾಲ ಕಳೆಯಿತು, ನಮ್ಮದೂ ಅರ್ಧ ಕಳೆದಿದೆ. ಸಮುವೇಲನದೂ ಹಾಗೇ ಇತ್ತು. ಮದುವೆ ಸೀಜನ್ ಮುಗಿದು ಕೈ ಖಾಲಿಯಾದಾಗ ಅವನು ಮೊಬೈಲು ಹಿಡಿದ. ಯಾವುದೋ ದೇಶದವನ ಪ್ರವಚನ, ಕನ್ನಡಕ್ಕೆ ಡಬ್ಬಿಂಗು. "ನೀವು ದೇವರ ಹಬ್ಬಗಳನ್ನು ಬಿಟ್ಟಿದ್ದೀರಿ! ಧರ್ಮಶಾಸ್ತ್ರವನ್ನು ಮರೆತಿದ್ದೀರಿ!" ಎಂದು ಆತ ಗದರುತ್ತಿದ್ದ. ಧರ್ಮಶಾಸ್ತ್ರ ಅಂದರೆ ದೇವರು ಮೋಶೆಯ ಕೈಯಲ್ಲಿ ಇಸ್ರಾಯೇಲ್ಯರಿಗೆ ಕೊಟ್ಟ ನಿಯಮಗಳು. ನಮ್ಮ ತಮ್ಮ ಹೆದರಿದ.

ಮೊದಲು ಹಂದಿ ಮಾಂಸ ಬಿಟ್ಟ. (ನಮ್ಮ ಮನೆಯಲ್ಲಿ ಅದನ್ನು ತಿನ್ನುವವರು ಮೊದಲೇ ಯಾರೂ ಇರಲಿಲ್ಲ.) ಆಮೇಲೆ ಶನಿವಾರ ಸಬ್ಬತ್ ಎಂದು ಅಂಗಡಿಗೆ ಬೀಗ ಹಾಕಿದ. ಅಂದು ಒಲೆ ಹೊತ್ತಿಸುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಎರಡು ಥರದ ನೂಲು ಕೂಡಿಸಿದ ಬಟ್ಟೆ ಬೇಡ ಅಂದ. ನೇಕಾರರ ಊರಿನಲ್ಲಿ ಕೂತು ಈ ಮಾತು! ಹೆಂಡತಿ ಶಾಂತಾಳ ಒಳ್ಳೊಳ್ಳೆಯ ಹತ್ತಿ-ರೇಷ್ಮೆ ಸೀರೆಗಳು ಟ್ರಂಕಿನ ತಳ ಸೇರಿದವು. (ಬೈಬಲಿನಲ್ಲಿ ಬರೆದಿರುವುದು ಉಣ್ಣೆ ಮತ್ತು ನಾರಿನ ವಿಷಯ. ಅಷ್ಟು ಬಿಡಿಸಿ ಹೇಳಲು ಮೊಬೈಲಿನವನಿಗೆ ಪುರಸತ್ತು ಇರಲಿಲ್ಲ ಅಂತ ಕಾಣುತ್ತದೆ.)

ನಾನು ಫೋನಿನಲ್ಲಿ ನಕ್ಕೆ. "ಏ ಸಮುವೇಲಾ, ನಾವೇನು ಇಸ್ರಾಯೇಲ್ದಾಗ ಹುಟ್ಟೀವೇನೋ? ಯೇಸು ಬಂದು ಹೊಸ ಒಡಂಬಡಿಕಿ ಮಾಡಿದ್ದು ಯಾತಕ್ಕ ಮತ್ತ?"

"ಅಕ್ಕಾ, ದೇವರ ಮಾತು ಹಳೇದಾಗಂಗಿಲ್ಲ. ನೀವು ಓದಿದವರು, ನಿಮಗ ಎಲ್ಲಾ ಹಗುರ ಕಾಣ್ತೈತಿ."

ಅವನ ದನಿಯಲ್ಲಿ ಸೊಕ್ಕಿರಲಿಲ್ಲ, ಅಂಜಿಕೆ ಇತ್ತು. ಎಲ್ಲೋ ಒಂದು ನಿಯಮ ತಪ್ಪಿ ದೇವರು ಕೈಬಿಟ್ಟರೆ ಎಂಬ ಅಂಜಿಕೆ. ಅಂಜಿದವನ ಜೊತೆ ವಾದ ಮಾಡುವುದು ಹೇಗೆ? ಇರಲಿ ಬಿಡು, ಯಾರಿಗೂ ತೊಂದರೆ ಇಲ್ಲವಲ್ಲ ಅಂದುಕೊಂಡೆ.

ತೊಂದರೆ ಇತ್ತು. ಹೇಳುವವರಿರಲಿಲ್ಲ.

ಹಬ್ಬದ ವಾರದ ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದ. ಬಸ್ಸು ಹಿಡಿದು ಹೋದೆ. ಹಂದರ ಖರೇನೇ ಚಂದ ಇತ್ತು. ಬೇವಿನ ಎಲೆಗಳ ನಡುವೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ಆಚೆ ಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರಗಳ ದೊಡ್ಡ ರೆಕ್ಕೆಗಳು ತಿರುಗುತ್ತಿದ್ದವು. ಚಾಪೆ ಹಾಸಿತ್ತು. ಹುಸೇನಸಾಬ, ಅವನ ಹೆಂಡತಿ ಮಾಬೂಬಿ, ನಾನು, ಸಮುವೇಲ.

ಊಟವೂ ತಯಾರಿತ್ತು. ಸಬ್ಬತ್ ದಿನ ಒಲೆ ಹೊತ್ತಿಸಬಾರದು ಅಂದರೆ ನಮ್ಮ ಕಡೆಯವರಿಗೆ ಏನು ಕಷ್ಟ ಹೇಳಿ? ಮೊದಲೇ ಬಡಿದು ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಮೋಶೆಯೇ ಬಂದು ಕೂತರೂ ತಕರಾರು ತೆಗೆಯುವಂತಿರಲಿಲ್ಲ.

"ಶಾಂತಾ ಎಲ್ಲಿ?" ಅಂತ ಕೇಳಿದೆ.

"ಬರ್ತಾಳ," ಅಂದ ತಮ್ಮ. ನನ್ನ ಮುಖ ನೋಡಲಿಲ್ಲ.

ಎದ್ದು ಹೋಗಿ ನೋಡಿದೆ. ಶಾಂತಾ ಮಾಳಿಗೆಗೆ ಬರುವ ಮೆಟ್ಟಿಲ ಮೇಲೆ ಕೂತಿದ್ದಳು. ಮೇಲಿನ ಮೆಟ್ಟಿಲಲ್ಲೂ ಅಲ್ಲ, ನಡುವೆ. ಗೋಡೆಗೆ ತಲೆ ಆನಿಸಿದ್ದಳು. ಮುಖ ಹಿಟ್ಟಿನ ಹಾಗೆ ಬೆಳ್ಳಗಾಗಿತ್ತು.

"ಯಾಕವಾ, ಇಲ್ಯಾಕ ಕುಂತಿ? ಬಾ ಮ್ಯಾಲೆ."

"ನಾ ಒಳಗ ಬರಂಗಿಲ್ರಿ ಅಕ್ಕಾರ. ನಾ ಹೊರಗದೀನ್ರಿ."

ನಮ್ಮ ಮನೆಯಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲು. ನಮ್ಮ ಅವ್ವನ ಕಾಲದಿಂದಲೂ ತಿಂಗಳ ದಿನಗಳಲ್ಲಿ ಯಾರೂ ಬೇರೆ ಕೂತವರಲ್ಲ. ಅಡುಗೆಮನೆಗೂ ಹೋದವರು, ಚರ್ಚಿಗೂ ಹೋದವರು.

"ಯಾವಾಗಿಂದ?" ಅಂದೆ. ನಾನು ಕೇಳಿದ್ದು ಈ ಪದ್ಧತಿ ಯಾವಾಗಿಂದ ಅಂತ. ಅವಳು ಬೇರೆ ಉತ್ತರ ಕೊಟ್ಟಳು.

"ಶ್ರಾವಣದಿಂದ್ರಿ. ನಿಂದ್ರವಲ್ದು."

ಲೆಕ್ಕ ಹಾಕಿದೆ. ಎರಡು ತಿಂಗಳ ಮೇಲಾಗಿತ್ತು.

ಅವಳೇ ಮೆಲ್ಲಗೆ ಹೇಳಿದಳು. ಧರ್ಮಶಾಸ್ತ್ರದಲ್ಲಿ ಹೆಣ್ಣಿಗೆ ರಕ್ತ ಹೋಗುವಷ್ಟು ದಿನವೂ ಅಶುದ್ಧಳು ಅಂತ ಬರೆದಿದೆ. ಅವಳು ಕೂತ ಜಾಗ, ಮಲಗಿದ ಹಾಸಿಗೆ, ಎಲ್ಲ ಅಶುದ್ಧ. ಸಮುವೇಲ ಅದನ್ನು ಓದಿ ತೋರಿಸಿ, ಆ ದಿನಗಳಲ್ಲಿ ಬೇರೆ ಕೂಡು ಅಂದಿದ್ದ. ಇವಳು ಕೂತಳು. ದಿನಗಳು ಮುಗಿಯಲಿಲ್ಲ. ಮುಗಿದಿಲ್ಲ ಅಂತ ಹೇಳಿದರೆ ಏನು ತಪ್ಪು ಮಾಡಿದ್ದೀಯೋ ಅಂದಾರು ಎಂಬ ಅಂಜಿಕೆ. ಹೇಳಲಿಲ್ಲ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವ ಮಗಳಿದ್ದಾಳೆ. ಅವಳಿಗೂ ಹೇಳಲಿಲ್ಲ. ಈ ಸಲದ್ದೂ ತಿಂಗಳ ದಿನಗಳೇ ಅಂತ ಗಂಡ ತಿಳಿದಿದ್ದ.

ಒಳಗೆ ನಾವು ಮುರಿಯುತ್ತಿದ್ದ ರೊಟ್ಟಿ ಯಾರು ಬಡಿದದ್ದು? ಇವಳೇ. ಹಿಂದಿನ ದಿನ ಸಂಜೆಯ ತನಕ ಒಲೆಯ ಮುಂದೆ ಕೂತು. ಇವಳು ಬಡಿದ ರೊಟ್ಟಿ ಹಂದರದೊಳಗೆ ಬರಬಹುದು, ಇವಳು ಬರುವಂತಿಲ್ಲ. (ಈ ಲೆಕ್ಕ ಯಾವ ಶಾಸ್ತ್ರದ್ದು? ಮೊಬೈಲಿನವನನ್ನು ಯಾರೂ ಕೇಳಿಲ್ಲ.)

"ಏಳು ಮೊದ್ಲ. ದವಾಖಾನಿಗೆ ಹೋಗೂಣು," ಅಂತ ಕೈ ಹಿಡಿದೆ.

"ಇವತ್ತ ಶನಿವಾರ ಐತ್ರಿ ಅಕ್ಕಾರ. ಅವರಿಗೆ ಬ್ಯಾಸರ ಆಗ್ತೈತಿ. ನಾಳೆ..."

ಅಷ್ಟು ಹೇಳಿ ಏಳಲು ಹೋದಳು. ಕಣ್ಣು ಮೇಲಾದವು. ನನ್ನ ಕೈಯಿಂದ ಜಾರಿ ಕೆಳಗಿನ ಮೆಟ್ಟಿಲಿಗೆ ಕುಸಿದಳು. ಹಸಿರು ಸೀರೆಯ ಹಿಂಭಾಗ ಪೂರ್ತಿ ಕಪ್ಪಾಗಿತ್ತು.

ನಾನು ಚೀರಿದೆ.

ಸಮುವೇಲ ಹಂದರದಿಂದ ಓಡಿ ಬಂದವನು ಒಂದು ಕ್ಷಣ ಮೇಲೆಯೇ ನಿಂತ. ಒಂದೇ ಕ್ಷಣ. ಅವನ ಮುಖದಲ್ಲಿ ಏನೇನು ಹಾದುಹೋಯಿತೋ ನನಗೆ ಗೊತ್ತಿಲ್ಲ. ಆಮೇಲೆ ಒಮ್ಮೆಲೇ ಇಳಿದು ಬಂದು ಹೆಂಡತಿಯನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಅವುಚಿಕೊಂಡ. ಹಬ್ಬಕ್ಕೆಂದು ತೊಟ್ಟ ಬಿಳಿ ಅಂಗಿ ಕೆಂಪಾಯಿತು.

"ಹುಸೇನಸಾಬ, ಗಾಡಿ ತಗಿ! ಲಗೂ ತಗಿ!"

ಶಾಂತಾ ಅರೆಪ್ರಜ್ಞೆಯಲ್ಲೂ ಏನೋ ಗೊಣಗಿದಳು. ಶನಿವಾರ ಅಂದಳೋ ಏನೋ.

"ಸುಮ್ನಿರು," ಅಂದ ಸಮುವೇಲ. ಅಳುತ್ತಿದ್ದ.

ಹುಸೇನಸಾಬನ ಓಮ್ನಿ ಗದಗಿನ ದಾರಿ ಹಿಡಿಯಿತು. ನನ್ನ ನರೇಗಲ್ಲು ಯಾವಾಗ ಬಂತು, ಯಾವಾಗ ಹೋಯಿತು, ನೆನಪಿಲ್ಲ. ಮಾಬೂಬಿ ಶಾಂತಾಳ ಕಾಲು ತಿಕ್ಕುತ್ತ ದುವಾ ಮಾಡುತ್ತಿದ್ದಳು. ನಾನು ಬಾಯಿಗೆ ಬಂದ ಪ್ರಾರ್ಥನೆ ಹೇಳುತ್ತಿದ್ದೆ. ಸಮುವೇಲ ಹೆಂಡತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಹೆಸರು ಬಿಟ್ಟು ಬೇರೆ ಏನನ್ನೂ ಹೇಳಲಿಲ್ಲ.

ದವಾಖಾನೆಯಲ್ಲಿ ಲೇಡಿ ಡಾಕ್ಟರು ಕಣ್ಣ ರೆಪ್ಪೆ ಎಳೆದು ನೋಡಿ ನಮ್ಮೆಲ್ಲರ ಕಡೆ ಒಮ್ಮೆ ನೋಡಿದರು. ಆ ನೋಟ ನಾನು ಮರೆಯುವುದಿಲ್ಲ.

"ಮೈಯಾಗ ರಕ್ತನ ಇಲ್ಲಲ್ರಿ ಇವರಿಗೆ. ಇಷ್ಟ ದಿನಾ ಏನ್ ಮಾಡ್ತಿದ್ರಿ?"

ಏನು ಹೇಳುವುದು? ಹಬ್ಬ ಮಾಡುತ್ತಿದ್ದೆವು ಅನ್ನುವುದೇ?

ರಕ್ತ ಏರಿಸಿದರು. ರಕ್ತನಿಧಿಗೆ ಹೋಗಿ ಸಮುವೇಲನೂ ಹುಸೇನಸಾಬನೂ ತಮ್ಮ ತಮ್ಮ ರಕ್ತ ಕೊಟ್ಟು ಬಂದರು. ಸ್ಕ್ಯಾನಿಂಗ್ ಆಯಿತು. ಗರ್ಭಕೋಶದಲ್ಲಿ ಗಡ್ಡೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಯಾವ ಪರೀಕ್ಷೆ ಅಂತ ನಾವು ಕೇಳಲಿಲ್ಲ, ಅವರೂ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ರಿಪೋರ್ಟು ಬರುವ ತನಕ ಕಾಯಬೇಕು.

ಆ ಕಾಯುವ ದಿನಗಳಲ್ಲಿ ನಮ್ಮ ಪಾಸ್ಟರು ರೋಣದಿಂದ ಬಸ್ಸು ಹಿಡಿದು ಬಂದರು. ವರಾಂಡದ ಬೆಂಚಿನ ಮೇಲೆ ಸಮುವೇಲನ ಪಕ್ಕ ಕೂತರು. ಪ್ರಾರ್ಥನೆ ಮಾಡಿದರು. ಉಪದೇಶ ಶುರುಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ. ತಮ್ಮನೇ ಕೇಳಿದ.

"ಅಯ್ಯನವ್ರ, ದೇವರ ಮಾತ ಪಾಲಿಸಾಕ ಹೋಗಿದ್ನಿರಿ ನಾ. ತಪ್ಪ ಮಾಡಿದ್ನೇನ್ರಿ?"

ಪಾಸ್ಟರು ಅವನ ಹೆಗಲ ಮೇಲೆ ಕೈಯಿಟ್ಟರು.

"ಪಾಲಿಸಬೇಕು ಅನ್ನೂದು ತಪ್ಪಲ್ಲಪಾ. ಆದರ ಈ ಜಗಳ ಹೊಸಾದಲ್ಲ. ಯೇಸುವಿನ ಶಿಷ್ಯರ ಕಾಲದಾಗನ ಎದ್ದಿತ್ತು. ಹೊರಗಿನ ಜನಾ, ಅಂದ್ರ ನಮ್ಮಂಥವರು, ಸಭೆಗೆ ಬಂದ್ರು. ಇವರ ಮ್ಯಾಲೆ ಮೋಶೆಯ ಧರ್ಮಶಾಸ್ತ್ರ ಎಲ್ಲಾ ಹೊರಸಬೇಕೋ ಬ್ಯಾಡೋ? ಯೆರೂಸಲೇಮಿನಾಗ ಹಿರೇರೆಲ್ಲ ಕೂಡಿದ್ರು. ಭಾಳ ವಾದ ಆತು. ಕಡೀಕ, ನಮ್ಮಪ್ಪ ಅಜ್ಜಗೋಳ ಕೈಲೇ ಹೊರಾಕ ಆಗದ ನೊಗ ಇವರ ಹೆಗಲಿಗೆ ಯಾಕ ಅಂತ ಬಿಟ್ರು. ಮೂರ್ನಾಕ ಮಾತು ಬರದು ಕಳಿಸಿದ್ರು, ಅಷ್ಟ."

"ಮತ್ತ ಹಬ್ಬಗಳು ಸುಳ್ಳೇನ್ರಿ?"

"ಯಾರಂದ್ರು ಸುಳ್ಳಂತ? ಯೆಹೂದ್ಯರಿಗೆ ಅವು ಅವರ ಮನಿ ಹಬ್ಬ. ಅವರ ಅಜ್ಜ ಮುತ್ತಜ್ಜರ ನೆನಪು. ಪ್ರೀತಿಲೆ ಮಾಡ್ತಾರ. ಕ್ರೈಸ್ತರಾಗೂ ಶನಿವಾರ ಪಾಲಿಸೋರು ಅದಾರ, ಪಸ್ಕದ ಹಬ್ಬ ಮಾಡೋರು ಅದಾರ. ಮಾಡ್ಲಿ. ಮಾಡಿದವರು ಮಾಡದವರನ್ನ, ಮಾಡದವರು ಮಾಡಿದವರನ್ನ ದೋಷಿ ಅನಬಾರದು. ಬರೂದರ ನೆರಳು ಅವು, ಬಂದಾಂವ ಕ್ರಿಸ್ತ ಅಂತ ನಾವು ನಂಬೀವಿ. ಆಳು ಮುಂದ ನಿಂತಾಗ ನೆರಳು ಹಿಡಕೊಂಡು ಯಾಕ ಜಗಳಾಡಬೇಕು?"

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಇನ್ನೊಂದ ಕೇಳು. ಯೆಹೂದ್ಯರ ಹಿರೇರೂ ಜೀವ ಹೋಗೂ ಪ್ರಸಂಗ ಬಂದ್ರ ಸಬ್ಬತ್ ಬದಿಗಿಟ್ಟು ಜೀವ ಉಳಸು ಅಂತಾರ. ಆ ಶುದ್ಧ ಅಶುದ್ಧ ಮಾತು ಹೆಚ್ಚಾಗಿ ದೇವಾಲಯ, ಬಲಿ ಇದ್ದ ಕಾಲದ್ದು. ಈ ಹಬ್ಬದಾಗ ಹೆಂಡತಿನ್ನ ಮೆಟ್ಲ ಮ್ಯಾಲೆ ಕುಂಡ್ರಸು ಅಂತ ಅವರ ಪೈಕಿ ಯಾರೂ ಹೇಳಿಲ್ಲ. ನಿನ್ನ ಮೊಬೈಲ್‌ದಾಂವ ಅವರನ್ನೂ ತಿಳಕೊಂಡಿಲ್ಲ, ನಮ್ಮನ್ನೂ ತಿಳಕೊಂಡಿಲ್ಲ."



ಆದರೆ ಸಮುವೇಲನನ್ನು ನಿಜಕ್ಕೂ ಅಲ್ಲಾಡಿಸಿದ್ದು ಪಾಸ್ಟರ ಮಾತಲ್ಲ. ಮರುದಿನ ಮುಂಜಾನೆ ಶಾಂತಾ ಆಡಿದ ಮಾತು.

ಎರಡನೆಯ ಬಾಟಲಿ ರಕ್ತ ಏರಿ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಮಗಳು ರೂತ್ ಹುಬ್ಬಳ್ಳಿಯಿಂದ ಬಂದು ತಾಯಿಯ ತಲೆ ಬಾಚುತ್ತಿದ್ದಳು. ಸಮುವೇಲ ಗಂಜಿಯ ಬಟ್ಟಲು ಹಿಡಿದು ಮಂಚದ ಅಂಚಿಗೆ, ಹಾಸಿಗೆಯ ಮೇಲೇ ಕೂತಿದ್ದ. ಶಾಂತಾ ಹಾಸಿಗೆ ನೋಡಿದಳು, ಗಂಡನನ್ನು ನೋಡಿದಳು.

"ಮೆಟ್ಲ ಮ್ಯಾಲೆ ಕುಂತಾಗ ನಾ ಬೈಬಲ್‌ದಾಗಿನ ಆ ಹೆಣ್ಮಗಳನ್ನ ನೆನಸ್ತಿದ್ನಿರಿ," ಅಂದಳು. "ಯೇಸುಸ್ವಾಮಿ ಹಿಂದ ಗದ್ದಲದಾಗ ಹ್ವಾದಾಕಿ. ಆಕಿಗೂ ನನ್ನಂಗ ರಕ್ತ ನಿಂತಿದ್ದಿಲ್ಲ, ಹನ್ನೆರಡ ವರ್ಷ. ಅಂಜಿಕೋಂತ ಹೋಗಿ ಅಂಗಿ ಅಂಚು ಮುಟ್ಟಿದ್ಲು. ಅಂವ ಸಿಟ್ಟಿಗೇಳಲಿಲ್ಲ, ಮಗಳ ಅಂತ ಕರದ." ಸ್ವಲ್ಪ ಉಸಿರು ತೆಗೆದುಕೊಂಡಳು. "ಆಕಿಗೆ ಅಂಗಿ ಅಂಚರ ಸಿಕ್ಕಿತ್ತು. ನನಗ ನಮ್ಮನಿಯವರ ಅಂಗಿ ಅಂಚೂ ಸಿಗದಂಗ ಆತಲ್ಲ ಅಂತ ಅನಸ್ತಿತ್ರಿ."

ದೂರು ಹೇಳುವ ದನಿಯಲ್ಲ ಅದು. ಹವಾಮಾನ ಹೇಳಿದ ಹಾಗೆ ಹೇಳಿದಳು.

ಸಮುವೇಲ ಬಟ್ಟಲು ಕೆಳಗಿಟ್ಟ. ಅವಳ ಕೈ ತೆಗೆದು ತನ್ನ ಅಂಗಿಯ ಮೇಲೆ ಇಟ್ಟುಕೊಂಡ. "ಹಿಡ್ಕೋ," ಅಂದ. ರೂತ್ ಬಾಚಣಿಗೆ ಹಿಡಿದುಕೊಂಡೇ ಕಿಟಕಿಯ ಕಡೆ ತಿರುಗಿದಳು. ನಾನು ನೀರು ತರುವ ನೆಪದಲ್ಲಿ ಹೊರಗೆ ಹೋದೆ. (ಬಾಟಲಿ ಕೈಯಲ್ಲಿ ಇರಲೇ ಇಲ್ಲ.)

ರಿಪೋರ್ಟು ಬಂದ ದಿನ ಡಾಕ್ಟರು ಸಮುವೇಲನನ್ನೂ ನನ್ನನ್ನೂ ಒಳಗೆ ಕರೆದರು. ಹಾಳೆ ತಿರುವಿದರು. ಡಾಕ್ಟರುಗಳು ಹಾಳೆ ಯಾಕೆ ಅಷ್ಟು ನಿಧಾನ ತಿರುವುತ್ತಾರೋ! ಆಮೇಲೆ ಕನ್ನಡಕ ತೆಗೆದು ನಕ್ಕರು.

"ಏನೂ ಅಂಜಬ್ಯಾಡ್ರಿ. ಸಾದಾ ಗಡ್ಡಿ. ಕ್ಯಾನ್ಸರ್ ಅಲ್ಲ. ಆಪರೇಶನ್ ಮಾಡಿ ತಗದ್ರ ಆರಾಮ ಆಗ್ತಾರ."

ಸಮುವೇಲ "ಏನಂದ್ರಿ?" ಅಂದ. ಅವರು ಮತ್ತೆ ಹೇಳಿದರು. "ಇನ್ನೊಮ್ಮೆ ಹೇಳ್ರಿ," ಅಂದ. ಅವರು ಮತ್ತೂ ಹೇಳಿದರು, ಪುಣ್ಯಾತ್ಗಿತ್ತಿ. ಹೊರಗೆ ಬಂದು ವರಾಂಡದಲ್ಲಿ, ಜನ ಓಡಾಡುವ ದಾರಿಯಲ್ಲೇ ನೆಲಕ್ಕೆ ಕೂತುಬಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ಆಯಾ ಒಬ್ಬಳು ಬಂದು "ಏಳ್ರಿ, ನೆಲಾ ಒರಸೂದೈತಿ" ಅಂದಳು. ಎದ್ದ. ಹೋದವನು ಮಿರ್ಚಿ ಭಜಿ, ಚುರಮುರಿ ಕಟ್ಟಿಸಿಕೊಂಡು ಬಂದು ವಾರ್ಡಿನಲ್ಲಿದ್ದ ರೋಗಿಗಳ ಕಡೆಯವರಿಗೆಲ್ಲ ಹಂಚಿದ. ನರ್ಸು ಬೈದಳು. ಆಮೇಲೆ ಅವಳೂ ಒಂದು ತಿಂದಳು.

ನನಗೆ ಅವತ್ತು ಮೈ ಹಗುರಾದ ಪರಿ ಹೇಗೆ ಹೇಳಲಿ? ಬಸ್ ಸ್ಟ್ಯಾಂಡಿನ ಗದ್ದಲ, ಧೂಳು, ಸೀಟಿಗಾಗಿ ಟವೆಲ್ಲು ಎಸೆಯುವವರು, ಎಲ್ಲರ ಮೇಲೂ ಪ್ರೀತಿ ಉಕ್ಕಿತು. ನರೇಗಲ್ಲಿನ ತನಕ ನಿಂತುಕೊಂಡೇ ಹೋದೆ. ಕಾಲು ನೋಯಲಿಲ್ಲ.

ಆಪರೇಶನ್ ಆಯಿತು. ಶಾಂತಾ ಮನೆಗೆ ಬಂದಳು. ಈಗ ಚಲೋ ಇದ್ದಾಳೆ. ಹೋದ ಶನಿವಾರ ನೋಡಲು ಹೋಗಿದ್ದೆ. ಶಾಮಿಯಾನದ ಅಂಗಡಿಗೆ ಬೀಗ. ನನಗೆ ಸ್ವಲ್ಪ ದಿಗಿಲಾಯಿತು, ಮತ್ತೆ ಶುರುವಾಯಿತೇ ಅಂತ. ಮನೆಯೊಳಗೆ ಹೋದರೆ ಶಾಂತಾ ಹತ್ತಿ-ರೇಷ್ಮೆ ಸೀರೆ ಉಟ್ಟು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಾಳೆ. ಒಲೆ ಉರಿಯುತ್ತಿದೆ. ಒಲೆಯ ಮುಂದೆ ಸಮುವೇಲ! ಉಪ್ಪಿಟ್ಟು ತಿರುವುತ್ತಿದ್ದಾನೆ.

"ಏನೋ ಇದು? ಸಬ್ಬತ್ ದಿನ ಒಲಿ?"

"ಸಬ್ಬತ್ ಅಂದ್ರ ವಿಶ್ರಾಂತಿ ಅಕ್ಕಾ. ಈ ಮನ್ಯಾಗ ಅದು ಯಾರಿಗೆ ಬೇಕಾಗಿತ್ತು ಅಂತ ನಾ ಕೇಳಿದ್ದಿಲ್ಲ," ಅಂದ. "ಶನಿವಾರ ಆಕಿ ಏನೂ ಮುಟ್ಟಂಗಿಲ್ಲ. ಐತವಾರ ಇಬ್ರೂ ಚರ್ಚಿಗೆ ಹೋಗ್ತೀವಿ."

"ಉಪ್ಪಿಟ್ಟ ಗಂಟ ಗಂಟ ಆಗೇತ್ರಿ ಅಕ್ಕಾರ," ಅಂತ ಶಾಂತಾ ಕುರ್ಚಿಯಿಂದಲೇ ಅಂದಳು. "ಆದ್ರೂ ತಿನ್ರಿ."

ತಿಂದೆ. ಗಂಟು ಗಂಟೇ ಇತ್ತು. ಎರಡನೆಯ ಸಲ ಹಾಕಿಸಿಕೊಂಡೆ.

ಧರ್ಮಶಾಸ್ತ್ರ ಕಲ್ಲಿನ ಹಲಗೆಯ ಮೇಲೆ ಇತ್ತು, ಹೊಸ ಒಡಂಬಡಿಕೆ ಮನುಷ್ಯರ ಹೃದಯದ ಮೇಲೆ ಬರೆದದ್ದು ಅಂತ ನಾವು ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಹೇಳುತ್ತಿದ್ದೆವು. ಕಲ್ಲಿನ ಮೇಲಿನದನ್ನು ಓದಲು ಕಣ್ಣು ಸಾಕು. ಹೃದಯದ ಮೇಲಿನದನ್ನು ಓದಬೇಕಾದರೆ ಪಕ್ಕದಲ್ಲಿರುವವರ ಮುಖ ನೋಡಬೇಕಾಗುತ್ತದೆ. ನನ್ನ ತಮ್ಮ ಆ ಓದು ಕಲಿತ. ಸ್ವಲ್ಪ ತಡವಾಯಿತು. ದೇವರ ದಯೆ, ಬಹಳ ತಡವಾಗಲಿಲ್ಲ.

ಇದು ಕ್ರೈಸ್ತರ ಮನೆಯ ಕಥೆ, ನಮಗೇನು ಅಂತ ಪುಟ ತಿರುವಬೇಡಿ. ಶಾಂತಾಳ ಪಕ್ಕದ ಮಂಚದಲ್ಲಿ ಪುರ್ತಗೇರಿಯ ಗಂಗವ್ವ ಇದ್ದಳು. ಅವಳಿಗೂ ಇದೇ ಕಾಯಿಲೆ, ಇವಳಿಗಿಂತ ಹಳೆಯದು. ಯಾಕವ್ವ ಇಷ್ಟು ತಡ ಮಾಡಿದಿ ಅಂತ ಕೇಳಿದ್ದಕ್ಕೆ ಅವಳು ಹೇಳಿದಳು: "ಶ್ರಾವಣ ಮುಗೀಲಿ ಅಂದ್ರು. ಗಣಪತಿ ಮುಗೀಲಿ ಅಂದ್ರು. ದಸರಾ ಮುಗೀಲಿ ಅಂದ್ರು. ಯಾರೂ ಬ್ಯಾಡ ಅನ್ಲಿಲ್ರಿ, ಮುಗೀಲಿ ಅಂದ್ರು ಅಷ್ಟ."

ನಿಮ್ಮ ಮನೆಯ ಹೆಣ್ಣುಮಗಳು ದವಾಖಾನೆಗೆ ಹೋಗಲು ಯಾವ ಹಬ್ಬ ಮುಗಿಯಲಿ ಅಂತ ಕಾಯುತ್ತಿದ್ದಾಳೆ?